ಒಂದೇ ಕಾಲಿನ ಹಕ್ಕಿ

ಟೈರಿನ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾದಾಗ ಒಂದು ವಾಸನೆ ಬರುತ್ತದೆ. ಹುಳಿ, ಬಿಸಿ ರಬ್ಬರು, ಸ್ವಲ್ಪ ಧೂಳು. ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ಆಸ್ಟಿನ್ ಪಕ್ಕದ ಲಿಯಾಂಡರಿನ ನಮ್ಮ ಮನೆಯ ಮುಂದೆ ಯಜಮಾನರು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. ನಿಂಬೆಹಣ್ಣುಗಳು ಚಿಟ್ ಎಂದವು, ಆ ವಾಸನೆ ಮೂಗಿಗೆ ಬಂತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಕಿಟಕಿ ಇಳಿಸಿ, "ಯಾಕೆ, ಮತ್ತೆ ಹೂಸ್ಟನ್ ನೆನಪಾಯ್ತಾ?" ಎಂದರು. ಮೈಸೂರಿನವರು. ನನ್ನ ಪುಕ್ಕಲುತನವನ್ನು ಗೇಲಿ ಮಾಡುವುದನ್ನು ಮದುವೆಯಾದಾಗಿನಿಂದ ವ್ರತದಂತೆ ಪಾಲಿಸಿಕೊಂಡು ಬಂದಿದ್ದಾರೆ. ನೆನಪಾದದ್ದು ನಿಜ.

ನಾನು ಹುಟ್ಟಾ ಪುಕ್ಕಲಿ. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ, ಫ್ರೀವೇಯಲ್ಲಿ ದೊಡ್ಡ ಟ್ರಕ್ಕು ಪಕ್ಕಕ್ಕೆ ಬಂದರೆ ಉಸಿರು ಬಿಗಿಹಿಡಿಯುತ್ತೇನೆ, ಬಾಗಿಲಿಗೆ ಯಾರಾದರೂ ಬೆಲ್ ಹೊಡೆದರೆ ಮೊದಲು ಕಿಟಕಿಯ ಪರದೆಯ ಸಂದಿಯಿಂದ ನೋಡುತ್ತೇನೆ. ಇಂಥವಳು ಮಾಡುವ ಕೆಲಸ ಮಾತ್ರ ಅಪರಿಚಿತರ ಕೊಟ್ಟಿಗೆಗಳಿಗೆ ನುಗ್ಗುವುದು. ಅಪ್ಪ ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದರು. ನಾನು ಸ್ಪ್ಯಾನರುಗಳ ನಡುವೆ ಬೆಳೆದೆ, ಇಲ್ಲಿಗೆ ಬಂದ ಮೇಲೆ ಅದೇ ವಿದ್ಯೆ ಅನ್ನ ಕೊಟ್ಟಿತು. ಹಳೆಯ ಕಾರು ಕೊಳ್ಳುವವರು, ಮಾರುವವನು ಹೇಳುವುದು ನಿಜವೋ ಅಲ್ಲವೋ ನೋಡಿ ಹೇಳು ಎಂದು ನನ್ನನ್ನು ಕರೆಯುತ್ತಾರೆ. ನಾನು ಬಾನೆಟ್ ಎತ್ತಿ, ಕೆಳಗೆ ತೂರಿ, ಟಾರ್ಚ್ ಹಿಡಿದು ನೋಡಿ ಹೇಳುತ್ತೇನೆ.

ಟೆಕ್ಸಸ್‌ನಲ್ಲಿ ಹಳೆಯ ಮಸಲ್ ಕಾರುಗಳಿಗೆ ದೇವರ ಪಟ್ಟ. ಎರಡೇ ಬಾಗಿಲಿನ ಸಣ್ಣ ಗಾಡಿಯೊಳಗೆ ಲಾರಿಗೆ ಸಾಲುವಂಥ ಎಂಜಿನ್ ತುರುಕಿ, ಗುಡುಗಿನ ಸದ್ದು ಮಾಡಿಕೊಂಡು ಓಡುವಂತೆ ಮಾಡಿದ ಕಾಲವೊಂದಿತ್ತು. ಆಗ ಕಾರ್ಖಾನೆಗಳು ಮಾರಾಟಕ್ಕೆ ಬಿಡುವ ಮುನ್ನ ಪರೀಕ್ಷೆಗೆಂದು ಒಂದೋ ಎರಡೋ ಗಾಡಿಗಳನ್ನು ಕೈಯಿಂದಲೇ ಕಟ್ಟಿಸುತ್ತಿದ್ದವು. ಅವನ್ನು ಪ್ರೊಟೊಟೈಪ್ ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಕತ್ತರಿಸಿ ಗುಜರಿಗೆ ಹಾಕಬೇಕು. ಆದರೆ ಒಂದು ತಪ್ಪಿಸಿಕೊಂಡಿತಂತೆ, ಇಂಥ ಊರಿನ ಕೊಟ್ಟಿಗೆಯಲ್ಲಿದೆಯಂತೆ, ನೋಡಲು ಹೋದವನನ್ನು ಅಟ್ಟಿಸಿಕೊಂಡು ಬಂದರಂತೆ ಎಂಬ ಮಾತುಗಳಿಗೆ ಮಾತ್ರ ಕೊನೆಯಿಲ್ಲ. ನಮ್ಮ ಕಡೆ ಹಾಳು ಕೋಟೆಯಲ್ಲಿ ನಿಧಿಯಿದೆ, ಹಾವು ಕಾಯುತ್ತಿದೆ ಎನ್ನುವುದಿಲ್ಲವೇ, ಹಾಗೆ. ನಾನು ಅಂಥ ಹಲವು ನಿಧಿಗಳನ್ನು ನೋಡಿ ಬಂದಿದ್ದೆ. ಎಲ್ಲವೂ ಯಾರೋ ಹಿತ್ತಲಲ್ಲಿ ಕುಳಿತು ಮಾಡಿದ ನಕಲಿಗಳು.

ಕೆಲವು ವರ್ಷಗಳ ಹಿಂದೆ ಗಣೇಶ ಚತುರ್ಥಿಗೆ ಹೂಸ್ಟನ್‌ನ ಮಲ್ಲಣ್ಣ ಅಂಕಲ್ ಮನೆಗೆ ಹೋಗಿದ್ದೆವು. ಅವರು ಇಳಕಲ್ ಕಡೆಯವರು. ಅಲ್ಲಿಂದಲೇ ಗ್ರಾನೈಟ್ ತರಿಸಿ ಇಲ್ಲಿನವರ ಅಡುಗೆಮನೆಗಳಿಗೆ ಹಾಸಿಕೊಡುವ ವ್ಯಾಪಾರ. ಊಟದ ಎಲೆಯ ಮುಂದೆ ಕುಳಿತಾಗ ಅಂಕಲ್, "ನಿನಗೊಂದು ಕೆಲಸ ಐತಿ ನೋಡವಾ. ನಾ ಕಲ್ಲು ಹಾಸಿಕೊಟ್ಟ ಮನಿಯಾಕಿ ಒಬ್ಬಾಕಿ ಮುದುಕಿ. ಗಂಡ ತೀರಿಕೊಂಡಾನ. ಅವನ ಗಾಡಿ ಖರೇನೋ ಸುಳ್ಳೋ ತಿಳೀಬೇಕಂತ," ಎಂದರು. ಅವರ ಹೆಂಡತಿ ಗಿರಿಜಾ ಆಂಟಿ ಕಡುಬು ಬಡಿಸುತ್ತಾ, "ಊಟಕ್ಕ ಕುಂತಾಗ ಸತ್ತವರ ಸುದ್ದಿ ಯಾಕ್ರಿ?" ಎಂದು ಗದರಿದರು. ಬಾಯಲ್ಲಿ ಕಡುಬು ಇಟ್ಟುಕೊಂಡು ನಾನು ತಲೆ ಆಡಿಸಿಬಿಟ್ಟೆ. ಒಪ್ಪಿಗೆ ಎಂದೇ ಅವರು ತಿಳಿದರು.

ಆ ಮುದುಕಿಯ ಹೆಸರು ಡಾರ್ಲೀನ್. ಎಲ್ಲರೂ ಮಿಸ್ ಡಾರ್ಲೀನ್ ಎನ್ನುತ್ತಿದ್ದರು. ಹೂಸ್ಟನ್ ಊರ ಹೊರಗೆ, ತಗ್ಗಿನಲ್ಲಿ, ಒಂದು ಹಳ್ಳದ ಪಕ್ಕ ಅವರ ಮನೆ. ಗೇಟಿಗೆ, ಅಪ್ಪಣೆಯಿಲ್ಲದೆ ಒಳಗೆ ಕಾಲಿಟ್ಟರೆ ಗುಂಡು ಎಂಬರ್ಥದ ಫಲಕ. ಆ ಫಲಕದ ನಡುವೆ ನಿಜವಾಗಿಯೂ ಗುಂಡು ತೂರಿದ ತೂತುಗಳಿದ್ದವು. ನಾನು ಕಾರಿನಲ್ಲೇ ಕುಳಿತು ಹನುಮಾನ್ ಚಾಲೀಸಾ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಹೇಳಿಕೊಂಡೆ. ಅಷ್ಟರಲ್ಲಿ ಬಿಳಿ ಕೂದಲಿನ, ತೆಳ್ಳಗಿನ ಒಬ್ಬರು ಚಪ್ಪಲಿ ಎಳೆಯುತ್ತಾ ಬಂದು ಗೇಟ್ ತೆಗೆದರು. ಆ ಕಡೆಯವರ ಇಂಗ್ಲಿಷ್ ನನ್ನ ಕಿವಿಗೆ ಯಾವಾಗಲೂ ಹುಬ್ಬಳ್ಳಿಯ ಹಾಗೆಯೇ ಕೇಳಿಸುತ್ತದೆ. ಎಳೆದು ಆಡುವ, ಎದುರಿಗಿರುವವರನ್ನು ಒಂದೇ ಉಸಿರಿನಲ್ಲಿ ಮಗಳು ಮಾಡಿಕೊಂಡುಬಿಡುವ ಮಾತು. ಆದ್ದರಿಂದ ಮಿಸ್ ಡಾರ್ಲೀನ್ ಮಾತನ್ನು ನಾನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ.

"ಬಾರವಾ, ಹೆದರಬ್ಯಾಡ. ಆ ಬೋರ್ಡ್ ಮ್ಯಾಲಿನ ತೂತು ನನ್ನ ಗಂಡ ರಾಯ್ ಹೊಡದದ್ದು, ಗುರಿ ಕಲಿಯೂ ಮುಂದ," ಎಂದರು.

ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಎಳೆದಾಗ ಧೂಳು ಎದ್ದಿತು. ಮಾಸಿದ ಹಸಿರು ಬಣ್ಣದ, ಹೆಸರಿನ ಬಿಲ್ಲೆಗಳೇ ಇಲ್ಲದ ಗಾಡಿ. ಬಾಗಿಲು ತೆಗೆದೆ. ಡ್ರೈವರ್ ಸೀಟಿನ ಮೇಲೆ ಸುರುಳಿ ಸುತ್ತಿಕೊಂಡಿದ್ದ ಹಾವು ತಲೆ ಎತ್ತಿತು. ಹೆದರುವವರ ಮೇಲೆ ಹಾವು ಎಸೆದಂತೆ ಎಂಬ ಗಾದೆಯನ್ನು ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು. ನಾನು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ, ನೋಡಿದರೆ ಅಂಗಳದ ನಡುವೆ ಬಿಸಿಲಿನಲ್ಲಿ ನಿಂತಿದ್ದೆ. ಮಿಸ್ ಡಾರ್ಲೀನ್ ಕಸ ಎಳೆಯುವ ಕೋಲಿನಿಂದ ಅದನ್ನು ಎತ್ತಿ ಬೇಲಿಯ ಆಚೆ ಬಿಟ್ಟು ಬಂದರು. "ಇಲಿ ತಿನ್ನೂ ಹಾವು. ಪಾಪ, ಅದಕ್ಕೂ ಮನಿ ಬೇಕಲ್ಲ," ಎಂದರು.

ಮತ್ತೆ ಒಳಗೆ ಹೋಗಿ ಬಾನೆಟ್ ಎತ್ತಿದೆ. ಎಂಜಿನ್ ಆ ಗಾಡಿಯ ಅಳತೆಗೆ ಮೀರಿದ್ದು. ಅದಕ್ಕೆ ಜಾಗವಾಗಲೆಂದು ಎರಡೂ ಬದಿಯ ತಗಡನ್ನು ಸುತ್ತಿಗೆಯಿಂದ ಬಡಿದು ಒಳಗೆ ತಳ್ಳಿದ್ದರು. ಎಂಜಿನ್ ಹಿಡಿದ ಕಬ್ಬಿಣದ ಪಟ್ಟಿಗಳನ್ನು ಕೈಯಲ್ಲಿ ಕತ್ತರಿಸಿ ಮಾಡಿದ್ದರು. ಎಲ್ಲದರ ಮೇಲೂ ಬೆರಳು ಹೂಳುವಷ್ಟು ಜಿಡ್ಡು, ಮಣ್ಣು. ಕಾರ್ಖಾನೆಯ ಪ್ರಯೋಗದ ಗಾಡಿ ಹೀಗೇ ಇರುತ್ತದೆ. ಕೈಚಳಕವಿರುವ ಮನೆ ಮೆಕ್ಯಾನಿಕ್ ಮಾಡಿದ ಗಾಡಿಯೂ ಹೀಗೇ ಇರುತ್ತದೆ. ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ.

ಮಿಸ್ ಡಾರ್ಲೀನ್ ಐಸ್ ಟೀ ತಂದುಕೊಟ್ಟು ಎದುರು ಕುಳಿತರು. ರಾಯ್ ಉತ್ತರದ ರಾಜ್ಯವೊಂದರ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದನಂತೆ. ಈ ಗಾಡಿಯನ್ನು ಅಲ್ಲೇ ಕಟ್ಟಿದರಂತೆ, ಮೇಲಿನವರು ಕತ್ತರಿಸಿ ಹಾಕಿ ಎಂದರಂತೆ, ಅವನು ಹೊರಗೆ ತಂದನಂತೆ. ಟೆಕ್ಸಸ್‌ಗೆ ಬಂದ ಮೇಲೆ ಊರಿನ ಹೋಟೆಲಿನಲ್ಲಿ ಈ ಕತೆ ಹೇಳಿದಾಗಲೆಲ್ಲ ಜನ ನಕ್ಕರು. ಬರಬರುತ್ತಾ ಊರಿಗೆಲ್ಲ ಅವನು ಸುಳ್ಳ ರಾಯ್ ಆದ.

"ನಾ ಮಗಳ ಮನಿಗೆ ಹೋಗಾಕಿ," ಎಂದರು. "ಗಾಡಿ ಯಾರಿಗರ ಕೊಟ್ಟಬಿಡ್ತೀನಿ, ಅದರ ಚಿಂತಿ ಇಲ್ಲ. ಆದ್ರ ಹೋಗೂದರಾಗ ನನಗೊಂದು ಗೊತ್ತಾಗಬೇಕು. ಗಾಡಿ ಸುಳ್ಳಾದ್ರ ನನ್ನ ಗಂಡ ಸುಳ್ಳ. ಖರೇ ಆದ್ರ ಅಂವ ಕಳ್ಳ. ಎರಡರಾಗ ಯಾವದು ಅಂತ ಹೇಳವಾ."

ಹೇಳುವಾಗ ಅವರು ನನ್ನನ್ನು ಬಿಟ್ಟು ಶೆಡ್ಡಿನ ಕಡೆಯೇ ನೋಡುತ್ತಿದ್ದರು. ಗಂಡನ ನೆನಪು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ನನಗೆ ನನ್ನದೇ ಹೆದರಿಕೆ ಹತ್ತಿಕೊಂಡಿತ್ತು. ಕಾರು ನಕಲಿ ಎಂದು ಗಿರಾಕಿಗೆ ಹೇಳುವುದು ಸುಲಭ, ಬೇಕಾದಷ್ಟು ಸಲ ಹೇಳಿದ್ದೇನೆ. ತೀರಿಕೊಂಡ ಗಂಡ ಎಂಥವನಾಗಿದ್ದ ಎಂದು ಹೆಂಡತಿಗೆ ಹೇಳುವುದು ಹೇಗೆ?

ಹೊರಡುವಾಗ ಅವರು ಒಂದು ಹೆಸರು ಕೊಟ್ಟರು. ವಾಲ್ಟ್, ರಾಯ್ ಜೊತೆ ಅದೇ ಶೆಡ್ಡಿನಲ್ಲಿದ್ದವನು. ಆಮೇಲೆ ಅದೇ ಕಂಪನಿಯ ಕೆಲಸದ ಮೇಲೆ ಡಲ್ಲಾಸ್‌ಗೆ ಬಂದು ಅಲ್ಲೇ ನಿವೃತ್ತನಾದವನು. ಒಂದು ಫೋನ್ ಮಾತಿನಿಂದ ಇಬ್ಬರ ಸ್ನೇಹ ಮುರಿದಿತ್ತು. ಯಾವ ಮಾತು ಎಂದು ರಾಯ್ ಹೇಳಿರಲಿಲ್ಲ.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಬಿರುಗಾಳಿ ಬರುತ್ತದೆಂಬ ಸುದ್ದಿ ಶುರುವಾಯಿತು. ಹಳ್ಳದ ಪಕ್ಕದ ಶೆಡ್ಡು ಮುಳುಗುವುದು ಖಂಡಿತ. ಮಲ್ಲಣ್ಣ ಅಂಕಲ್‌ಗೆ ಫೋನ್ ಮಾಡಿದೆ. ಅವರ ಗೋದಾಮು ಎತ್ತರದ ಜಾಗದಲ್ಲಿದೆ. ಅವರು ಕಲ್ಲು ಸಾಗಿಸುವ ಲಾರಿಯನ್ನೇ ತಂದು, ಗಾಡಿಯನ್ನು ಏರಿಸಿ, ಕಲ್ಲಿನ ಹಲಗೆಗಳಿಗೆ ಹಾಕುವ ಪಟ್ಟಿಯಲ್ಲೇ ಬಿಗಿದು ಕೊಂಡೊಯ್ದರು. ಮಿಸ್ ಡಾರ್ಲೀನ್ ಲಾರಿಯ ಹಿಂದೆ ಗೇಟಿನವರೆಗೆ ನಡೆದರು. ಮಗಳನ್ನು ಕಳಿಸುವ ತಾಯಿಯ ಹಾಗೆ ನಿಂತೇ ಇದ್ದರು.

ನಾನು ಡಲ್ಲಾಸ್‌ಗೆ ಹೊರಟೆ. ಆಸ್ಟಿನ್‌ನಿಂದ ಅಲ್ಲಿಗೆ ಹೋಗುವ ಫ್ರೀವೇ ನನ್ನ ಪಾಲಿಗೆ ಯಮಲೋಕದ ದಾರಿ. ಅಂದು ಮಳೆಯೂ ಇತ್ತು. ಟ್ರಕ್ಕುಗಳು ಎರಚಿದ ನೀರಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸ್ಟೀರಿಂಗ್ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಇಳಿದ ಮೇಲೆ ಬೆರಳು ಬಿಡಿಸಲು ಹೊತ್ತು ಹಿಡಿಯಿತು.

ವಾಲ್ಟ್ ಬಾಗಿಲನ್ನು ಅರ್ಧ ಮಾತ್ರ ತೆಗೆದರು. ಎತ್ತರದ ಬಾಗಿದ ದೇಹ. ಅವರ ಹಿಂದೆ ಕುರ್ಚಿಗೆ ಒರಗಿಸಿಟ್ಟ ಬಂದೂಕು ಕಾಣುತ್ತಿತ್ತು. ಓಡಿದರೆ ಬೆನ್ನಿಗೆ ಗುಂಡು ಬಿದ್ದೀತೆಂದು ನಿಂತಲ್ಲೇ ನಿಂತೆ. ಆಮೇಲೆ ಗಮನಿಸಿದೆ, ಅವರ ಕಣ್ಣು ನನ್ನ ಕೈಯಲ್ಲಿದ್ದ ಕ್ಲಿಪ್‌ಬೋರ್ಡಿನ ಮೇಲೇ ನೆಟ್ಟಿತ್ತು. ಅವರ ತುಟಿ ಬಿಳಿಚಿಕೊಂಡಿತ್ತು. ನನಗೆ ಅವರ ಬಂದೂಕಿನ ಹೆದರಿಕೆ, ಅವರಿಗೆ ನನ್ನ ಕ್ಲಿಪ್‌ಬೋರ್ಡಿನ ಹೆದರಿಕೆ.

"ಕಂಪನಿಯವರು ಕಳಿಸಿದರಾ?" ಎಂದರು.

"ಇಲ್ಲ. ರಾಯ್ ಹೆಂಡತಿ ಕಳಿಸಿದರು. ರಾಯ್ ತೀರಿಕೊಂಡರು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನನಗೆ ಯಾವ ಗಾಡಿಯೂ ಗೊತ್ತಿಲ್ಲ," ಎಂದರು. ನಾನು ಗಾಡಿಯ ಮಾತನ್ನೇ ಇನ್ನೂ ಎತ್ತಿರಲಿಲ್ಲ. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಥ್ಯಾಂಕ್ಸ್ ಎಂದು ತಿರುಗಿ ಮೆಟ್ಟಿಲು ಇಳಿದೆ. ಕಾರಿನ ಬಾಗಿಲು ತೆಗೆಯುವಾಗ ಹಿಂದಿನಿಂದ ಧ್ವನಿ ಬಂತು.

"ಎಂಜಿನ್ನಿಗೂ ಡ್ರೈವರಿಗೂ ನಡುವೆ ತಗಡಿನ ಗೋಡೆ ಇರುತ್ತಲ್ಲ, ಅದರ ಬಲಗಡೆ ನೋಡಿ. ಜಿಡ್ಡಿನ ಕೆಳಗೆ ಹಳದಿ ಮೇಣದ ಪೆನ್ಸಿಲಿನಲ್ಲಿ ನಾನೊಂದು ಗುರುತು ಹಾಕಿದ್ದೆ. ಏನು ಅಂತ ನಾನು ಹೇಳಲ್ಲ. ಸುಳ್ಳು ಹೇಳಿಕೊಂಡು ಬರೋರು ಬೇಕಾದಷ್ಟು ಜನ. ಏನಿದೆ ಅಂತ ನೀವು ಹೇಳಿ, ಸರಿಯೋ ತಪ್ಪೋ ನಾನು ಹೇಳ್ತೀನಿ. ಜೋಪಾನ, ಉಜ್ಜಬೇಡಿ. ಉಜ್ಜಿದರೆ ಅದೂ ಹೋಗುತ್ತೆ." ಮನೆಯ ಫೋನಿನ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು ಬಾಗಿಲು ಹಾಕಿಕೊಂಡರು.

ಆ ಕ್ಷಣವೇ ಮಲ್ಲಣ್ಣ ಅಂಕಲ್‌ಗೆ ಫೋನ್ ಮಾಡಿದೆ. "ಅಂಕಲ್, ಆ ಗಾಡಿ ಯಾರೂ ಮುಟ್ಟಬಾರದ್ರಿ. ಒರಸೂದು ಸೈತ ಬ್ಯಾಡ."

"ಯಾರೂ ಮುಟ್ಟಂಗಿಲ್ಲವಾ. ಆಳುಗಳಿಗೆಲ್ಲಾ ತಾಕೀತು ಮಾಡ್ತೀನಿ," ಎಂದರು.

ಆಮೇಲೆ ಬಿರುಗಾಳಿ ಬಂತು. ಹೂಸ್ಟನ್ ಕಡೆಯ ರಸ್ತೆಗಳು ನೀರಿನಲ್ಲಿ ಮುಳುಗಿದವು. ಮಿಸ್ ಡಾರ್ಲೀನ್ ಶೆಡ್ಡಿನಲ್ಲಿ ಎದೆಮಟ್ಟ ನೀರು ನಿಂತಿತಂತೆ. ಗಾಡಿ ಅಲ್ಲೇ ಇದ್ದಿದ್ದರೆ ಮುಳುಗಿರುತ್ತಿತ್ತು. ನಾನು ಮನೆಯಲ್ಲಿ ಕುಳಿತು ಕಿಟಕಿಯಿಂದ ಮಳೆ ನೋಡುತ್ತಾ ಆ ತಗಡಿನ ಗೋಡೆಯನ್ನೇ ಕನಸು ಕಂಡೆ. ಕನಸಿನಲ್ಲಿ ಜಿಡ್ಡು ಕೆರೆದಷ್ಟೂ ಜಿಡ್ಡು. ಕೆಳಗೆ ಏನೂ ಇರುತ್ತಿರಲಿಲ್ಲ. ರಸ್ತೆ ತೆರೆದು ನಾನು ಹೊರಡುವ ಹೊತ್ತಿಗೆ ಆಯುಧಪೂಜೆ ಬಂದೇಬಿಟ್ಟಿತ್ತು. "ಅವತ್ತೇ ಬಾ. ಡಾರ್ಲೀನಕ್ಕನ್ನೂ ಕರದೀನಿ, ಆಕಿ ಗಾಡಿ ಇಲ್ಲೇ ಐತಲ್ಲ," ಎಂದು ಗಿರಿಜಾ ಆಂಟಿ ಫೋನಿನಲ್ಲಿ ಹೇಳಿದರು. ಆ ಮಾತಿನಲ್ಲೇ ನನಗೆ ಹೊಳೆಯಬೇಕಿತ್ತು.

ಗೋದಾಮಿನ ಬಾಗಿಲಲ್ಲಿ ಮಾವಿನೆಲೆಯ ತೋರಣ, ದೊಡ್ಡ ರಂಗೋಲಿ. ಒಳಗೆ ಕಲ್ಲು ಕೊಯ್ಯುವ ಯಂತ್ರ, ಫೋರ್ಕ್‌ಲಿಫ್ಟು, ಲಾರಿ ಎಲ್ಲವೂ ಹಣೆಗೆ ಕುಂಕುಮ ಇಟ್ಟುಕೊಂಡು ನಿಂತಿದ್ದವು. ಗಾಳಿಯಲ್ಲಿ ಊದುಬತ್ತಿಯ ಜೊತೆ ಡೀಸೆಲ್ ವಾಸನೆ. ಸಾಲಿನ ಕೊನೆಯಲ್ಲಿ ಹಸಿರು ಗಾಡಿ. ಚೆಂಡುಹೂವಿನ ಹಾರ ಹಾಕಿಕೊಂಡು, ಬಾನೆಟ್ ತೆರೆದುಕೊಂಡು, ಮದುಮಗಳ ಹಾಗೆ ಮಿಂಚುತ್ತಿತ್ತು. ಅದರ ಪಕ್ಕ ಮಡಿಸುವ ಕುರ್ಚಿಯಲ್ಲಿ ಮಿಸ್ ಡಾರ್ಲೀನ್, ಹೆಗಲ ಮೇಲೆ ಆಂಟಿ ಹೊದಿಸಿದ ಇಳಕಲ್ ಸೀರೆಯ ಸೆರಗಿನ ತುಂಡು.

ನಾನು ಓಡಿ ಹೋಗಿ ಬಾನೆಟ್ ಒಳಗೆ ಬಗ್ಗಿದೆ. ತಗಡಿನ ಗೋಡೆ ಪಾತ್ರೆಯ ತಳದಂತೆ ಫಳಫಳ ಹೊಳೆಯುತ್ತಿತ್ತು. ಜಿಡ್ಡಿಲ್ಲ, ಮಣ್ಣಿಲ್ಲ. ಬಲಗಡೆ ಏನೂ ಇಲ್ಲ. ನಟ್ಟನಡುವೆ ಆಂಟಿ ಎಳೆದ ವಿಭೂತಿಯ ಮೂರು ಗೆರೆ, ಕುಂಕುಮದ ಬೊಟ್ಟು. ಆ ಜಾಗದ ಮೇಲೆಲ್ಲ ಬೆರಳು ಆಡಿಸಿದೆ.

"ಒಳಗ ಎಷ್ಟ ಜಿಡ್ಡ ಇತ್ತಂತಿ!" ಎಂದು ಹಿಂದಿನಿಂದ ಆಂಟಿ ಹೆಮ್ಮೆಯಿಂದ ಹೇಳಿದರು. "ಪಾತ್ರಿ ಸೋಪ್ ಹಾಕಿ, ನಾರ್ ಹಚ್ಚಿ, ಮುಂಜಾನಿಂದ ತಿಕ್ಕೀನಿ."

ಮಲ್ಲಣ್ಣ ಅಂಕಲ್ ತಲೆಯ ಮೇಲೆ ಕೈ ಹೊತ್ತರು. "ಯಾರೂ ಮುಟ್ಟಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿದ್ದೆನಲ್ಲ!"

"ನನಗ ಹೇಳಿದ್ರೇನು?"

"ನಿನಗ ಯಾಕ ಹೇಳ್ಲಿ? ನೀ ಏನ್ ಆಳೇನು?"

"ಅದಽ ಮತ್ತ. ಮುಟ್ಟೂದು ಬ್ಯಾರೆ, ಪೂಜಾ ಬ್ಯಾರೆ. ಎಲ್ಲಾದಕ್ಕೂ ಪೂಜಾ ಮಾಡಿ ಪರದೇಶಿಯಂಗ ಇದೊಂದಽ ಬಿಡಬೇಕೇನು?"

ನಾನು ಅವರ ಕೈ ಹಿಡಿದುಕೊಂಡೆ. "ಆಂಟಿ, ಇಲ್ಲೆ ಬಲಕ್ಕ ಏನರ ಬರದಿತ್ತೇನ್ರಿ?"

"ಇತ್ತಲ್ಲ. ಹಳದಿ ಗೆರಿ. ಅರಿಷಿಣ ಅಂತ ತಿಳದೆ. ಯಾರೋ ಪುಣ್ಯಾತ್ಮರು ಮೊದಲಽ ಪೂಜಾ ಮಾಡಿಸ್ಯಾರ, ಭಾಳ ವರ್ಷ ಆಗೇತಿ ಅಂದ್ಕೊಂಡೆ. ಹಳೇ ಪೂಜಾ ತೊಳೀಲಾರದ ಹೊಸಾ ಪೂಜಾ ಹೆಂಗ ಮಾಡೂದು?"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಿರುಗಾಳಿಯಿಂದ ಉಳಿಸಿ ತಂದದ್ದನ್ನು ಪಾತ್ರೆ ಸೋಪು ನುಂಗಿತ್ತು. ಮಿಸ್ ಡಾರ್ಲೀನ್ ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಕನ್ನಡ ಗೊತ್ತಿಲ್ಲದಿದ್ದರೂ ಏನೋ ಕೆಟ್ಟದ್ದಾಗಿದೆ ಎಂದು ಅವರಿಗೆ ಗೊತ್ತಾಗಿತ್ತು. ನಾನು ಅವರ ಮುಂದೆ ಮಂಡಿಯೂರಿ ಎಲ್ಲವನ್ನೂ ಹೇಳಿದೆ, ವಾಲ್ಟ್ ಹೇಳಿದ ಗುರುತು, ಅದು ಈಗ ಇಲ್ಲವಾದದ್ದು. ಅವರು ಬೈಯಲಿಲ್ಲ. "ಅಂದ್ರ ಇನ್ನ ಗೊತ್ತಾಗೂದಿಲ್ಲ," ಎಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ವಿಷಯ ತಿಳಿದ ಆಂಟಿ ಮಂಕಾಗಿ ನಿಂತಿದ್ದರು. ಆಮೇಲೆ ಒಮ್ಮೆಲೇ ರಂಗೋಲಿಯ ಡಬ್ಬಿ ತಂದು ನೆಲಕ್ಕೆ ಕುಳಿತರು. "ತೊಳಿಯೂ ಮುಂದ ಇದೇನ್ ನಮೂನಿ ರಂಗೋಲಿ ಅಂತ ನೋಡೀನಿ. ಹೊಸಾ ರಂಗೋಲಿ ಕಂಡ್ರ ನಾ ನೋಡದ ಬಿಡಾಕಿ ಅಲ್ಲ," ಎಂದು, ಕಣ್ಣು ಅರೆಮುಚ್ಚಿ, ಎರಡು ಬೆರಳಿನ ನಡುವಿನಿಂದ ಬಿಳಿ ಪುಡಿ ಬಿಡುತ್ತಾ ಹೋದರು. ಒಂದು ಮೊಟ್ಟೆಯಾಕಾರ, ಅದಕ್ಕೆ ಉದ್ದ ಕುತ್ತಿಗೆ, ಮೇಲಕ್ಕೆ ತಿರುಗಿದ ಕೊಕ್ಕು, ಬಾಲಕ್ಕೆ ಎರಡು ಗೆರೆ. ಕೆಳಗೆ ಒಂದು ಕಾಲು. ಕೈ ನಿಂತಿತು.

"ಇನ್ನೊಂದ ಕಾಲು?" ಎಂದೆ.

"ಇರಲಿಲ್ಲ."

"ಅಳಿಸಿರಬೇಕ್ರಿ."

"ಅಳಿಸಿದ್ರ ಅದರ ಗುರ್ತು ಉಳೀತಿತ್ತು. ನಾನೂ ಹುಡುಕೀನಿ. ಇರಲೇ ಇಲ್ಲ."

ವಾಲ್ಟ್ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳುವ ಹಾಗೆ ಫೋನಿನ ಸ್ಪೀಕರ್ ಹಾಕಬೇಕೆಂದು ಮಿಸ್ ಡಾರ್ಲೀನ್ ಹಟ ಹಿಡಿದರು. ಡಲ್ಲಾಸ್‌ನಲ್ಲಿ ಗಂಟೆ ಹೊಡೆಯುತ್ತಾ ಹೋಯಿತು. ಎತ್ತದಿದ್ದರೆ ಸಾಕು ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ವಾಲ್ಟ್ ಎತ್ತಿದರು.

"ಒಂದು ಹಕ್ಕಿ," ಎಂದೆ. ಕುತ್ತಿಗೆ, ಕೊಕ್ಕು, ಬಾಲ ಎಲ್ಲ ಹೇಳಿದೆ.

"ಕಾಲು ಎಷ್ಟು?" ಎಂದರು.

ಅಷ್ಟು ನಾನು ಹಾವಿನ ಮುಂದೆಯೂ ಹೆದರಿರಲಿಲ್ಲ. ಹಕ್ಕಿಗೆ ಕಾಲು ಎರಡು, ಇದನ್ನು ಮಕ್ಕಳೂ ಹೇಳುತ್ತವೆ. ಆಂಟಿ ಮರೆತಿರಬಹುದು, ಜಿಡ್ಡು ಮುಚ್ಚಿರಬಹುದು. ಎರಡು ಎಂದುಬಿಟ್ಟರೆ? ಎದುರಿಗೆ ಮಿಸ್ ಡಾರ್ಲೀನ್ ಎರಡೂ ಕೈಯಲ್ಲಿ ಆ ಸೆರಗು ಹಿಡಿದು ಕುಳಿತಿದ್ದರು. ಆಂಟಿಯ ಮುಖ ನೋಡಿದೆ. ಅವರು ಒಂದು ಬೆರಳು ಎತ್ತಿ ತೋರಿಸಿದರು.

"ಒಂದು," ಎಂದೆ.

ಕಟ್ ಆಯಿತೇನೋ ಎಂದು ಫೋನ್ ನೋಡಿದೆ. ಆಮೇಲೆ ಕೆಮ್ಮಿನಂಥ ಒಂದು ಸದ್ದು ಬಂತು. ಅದು ಕೆಮ್ಮಲ್ಲ, ಅಳು ಎಂದು ತಿಳಿಯಲು ತಡವಾಯಿತು.

"ಕೆಲಸ ಮುಗಿಸಿದ ಗಾಡಿಗೆ ಹೆಸರಿನ ಬದಲು ಹಕ್ಕಿ ಬರೀತಿದ್ದೆ. ಇದಕ್ಕೆ ಎರಡನೇ ಕಾಲು ಎಳೆಯೋ ಹೊತ್ತಿಗೆ ಮೇಲಿನವನ ಬೂಟಿನ ಸಪ್ಪಳ ಕೇಳಿಸಿತು. ಹೆದರಿ ಪೆನ್ಸಿಲ್ ಜೇಬಿಗೆ ಹಾಕಿಕೊಂಡೆ. ಅದು ಹಾಗೇ ಉಳೀತು. ರಾಯ್‌ಗೂ ಗೊತ್ತಿಲ್ಲ. ನನ್ನೊಬ್ಬನಿಗೆ ಬಿಟ್ಟರೆ ಈ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ."

ಮಲ್ಲಣ್ಣ ಅಂಕಲ್ ಸುಮ್ಮನೆ ಲಾರಿಯ ಮೆಟ್ಟಿಲ ಮೇಲೆ ಕುಳಿತರು. ವಾಲ್ಟ್ ಮಾತು ನಿಲ್ಲಿಸಲಿಲ್ಲ. ಕಟ್ಟೆ ಒಡೆದಿತ್ತು. ಗಾಡಿಯನ್ನು ಕತ್ತರಿಸಲು ಹೇಳಿದ ದಿನ ರಾಯ್ ಅದನ್ನು ಓಡಿಸಿಕೊಂಡು ಹೊರಟಾಗ ಹಿಂದಿನ ಗೇಟ್ ತೆಗೆದವರು ಅವರೇ. "ಊರೆಲ್ಲ ನಗ್ತಿದ್ದಾರೆ, ನೀನೊಬ್ಬ ಹೌದು ಅನ್ನು ಅಂತ ರಾಯ್ ಫೋನ್ ಮಾಡಿದ್ದ. ಅಂಥ ಗಾಡಿಯನ್ನೇ ನೋಡಿಲ್ಲ ಅಂದುಬಿಟ್ಟೆ. ಆಗ ಕೆಲಸ ಹೋಗುತ್ತೆ ಅಂತ ಹೆದರಿಕೆ, ಆಮೇಲೆ ಪೆನ್ಶನ್ ಹೋಗುತ್ತೆ ಅಂತ. ಅದಾದ ಮೇಲೆ ಹೆದರೋದೇ ಅಭ್ಯಾಸ ಆಗಿಹೋಯಿತು."

"ವಾಲ್ಟ್, ನಾ ಡಾರ್ಲೀನ್," ಎಂದರು ಮಿಸ್ ಡಾರ್ಲೀನ್.

ಅವರು ಫೋನಿನ ಹತ್ತಿರಕ್ಕೆ ಬಾಗಿದರು.

"ಅವತ್ತ ಅಂವಗೂ ಹೆದರಿಕಿ ಇತ್ತೇನು?"

"ರಾಯ್‌ಗಾ? ಇಲ್ಲ. ಗೇಟ್ ದಾಟುವಾಗ ನಗ್ತಿದ್ದ."

ಮಿಸ್ ಡಾರ್ಲೀನ್ ತಲೆಯಾಡಿಸಿದರು. ನಾನು ಹೆದರುತ್ತಲೇ ಹೇಳಿದೆ, ಈಗ ಗೊತ್ತಾದದ್ದು ಎರಡೂ. ರಾಯ್ ಹೇಳಿದ್ದು ನಿಜ. ಹಾಗಾಗಿ ಅವನು ಕದ್ದದ್ದೂ ನಿಜ.

"ಕಳ್ಳ ಅನ್ನೂದೇನ್ ಹೊಸಾದಲ್ಲವಾ. ಯಾರದೋ ಹೊಲದಾಗಿನ ಕಲ್ಲಂಗಡಿ ಕದ್ದ ತಂದಽ ನನ್ನ ಮೊದಲನೇ ಸಲ ಮಾತಾಡಿಸಿದ್ದ," ಎಂದರು. ನಗಲು ಹೋದರು, ಆಗಲಿಲ್ಲ. "ದವಾಖಾನ್ಯಾಗ ಕಡೀ ದಿನಗಳಾಗ ಮತ್ತ ಈ ಗಾಡಿ ಮಾತ ತಗದ. ನನಗ ನಿದ್ದಿ ಇರಲಿಲ್ಲ, ಸಾಕಾಗಿತ್ತು. ರಾಯ್, ಇನ್ನರ ಸುಳ್ಳ ಹೇಳೂದ ಬಿಡು ಅಂದೆ. ಊರಾಗ ಎಲ್ಲಾರೂ ಅಂದಿದ್ರು, ಅಂವ ನಗತಿದ್ದ. ನಾ ಅಂದಿದ್ದು ಅದೊಂದಽ ಸಲ. ಗ್ವಾಡಿ ಕಡೆ ಹೊಳ್ಳಿದ. ಆಮ್ಯಾಲ ಏನೂ ಮಾತಾಡಲಿಲ್ಲ."

ಗಿರಿಜಾ ಆಂಟಿ, ಅವರ ಇಂಗ್ಲಿಷ್ ಪೂರ್ತಿ ತಿಳಿಯದೆಯೂ ಎಲ್ಲ ಅರ್ಥವಾದವರಂತೆ, ರಂಗೋಲಿಯ ಕೈಯಲ್ಲೇ ಅವರ ತಲೆಯನ್ನು ಎದೆಗೆ ಒತ್ತಿಕೊಂಡರು. ಬಿಳಿ ಕೂದಲಿಗೆ ಬಿಳಿ ಪುಡಿ ಅಂಟಿತು. ಆಗ ಫೋನಿನಿಂದ ವಾಲ್ಟ್ ಧ್ವನಿ ಮತ್ತೆ ಬಂತು, ಸಣ್ಣಗೆ. "ಹಕ್ಕಿ ಬರೆದ ಆ ಹೆಂಗಸಿಗೆ ಹೇಳಿ, ಎರಡನೇ ಕಾಲನ್ನೂ ಎಳೀಲಿ. ಈಗ ಯಾರೂ ಬರಲ್ಲ."

ಹೇಳಿದೆ. ಆಂಟಿ ಕುಳಿತು ಎಳೆದರು.

ಆಮೇಲೆ ಮಿಸ್ ಡಾರ್ಲೀನ್ ಹಾವು ಮಲಗಿದ್ದ ಆ ಸೀಟಿನಲ್ಲೇ ಕುಳಿತು ಸ್ಟೀರಿಂಗ್ ಹಿಡಿದರು. ಎಂಜಿನ್ ಓಡುತ್ತಿರಲಿಲ್ಲ. ಅಂಕಲ್, ಆಂಟಿ, ನಾನು, ಆಳುಗಳು ಎಲ್ಲರೂ ಸೇರಿ ಹಿಂದಿನಿಂದ ತಳ್ಳಿದೆವು. ಗಾಡಿ ಮಿಸುಕಿತು, ನಿಂಬೆಹಣ್ಣುಗಳು ಒಡೆದವು, ಆ ವಾಸನೆ ಎದ್ದಿತು. ಅಂಥ ಭಾರದ ಗಾಡಿ ಹಿಡಿತ ತಪ್ಪಿ ಕಲ್ಲಿನ ಹಲಗೆಗಳಿಗೆ ಗುದ್ದಿದರೆ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ.

ನನ್ನ ವರದಿಯಲ್ಲಿ ಖಚಿತಪಡಿಸಲು ಆಗಲಿಲ್ಲ ಎಂದೇ ಬರೆದೆ. ನೆಲದ ಮೇಲಿನ ರಂಗೋಲಿ ಕಾರಿನವರ ಲೋಕದಲ್ಲಿ ಸಾಕ್ಷಿಯಲ್ಲ, ಸಂಜೆ ಗುಡಿಸಿದರೆ ಅದೂ ಹೋಯಿತು. ಗಾಡಿ ಮಿಸ್ ಡಾರ್ಲೀನ್ ಜೊತೆ ಮಗಳ ಊರಿಗೆ ಹೋಯಿತು, ಕೊಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹೂಸ್ಟನ್ ಕಡೆ ಒಂದು ಪ್ರೊಟೊಟೈಪ್ ಇತ್ತಂತೆ, ಯಾರೋ ಇಂಡಿಯಾದವರು ಅದನ್ನು ತೊಳೆದು ಹಾಳು ಮಾಡಿದರಂತೆ ಎಂದು ಈಗಲೂ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ.

ಪ್ರತಿ ಆಯುಧಪೂಜೆಗೂ ಲಿಯಾಂಡರಿನ ನಮ್ಮ ಮನೆಯ ಮುಂದೆ, ಗಾಡಿಯ ಎದುರು, ನಾನು ಆ ಹಕ್ಕಿಯನ್ನು ಬರೆಯುತ್ತೇನೆ. ಕುತ್ತಿಗೆ, ಕೊಕ್ಕು, ಬಾಲ, ಒಂದು ಕಾಲು. ಎರಡನೇ ಕಾಲು ಎಳೆಯುವ ಮುನ್ನ ಇವತ್ತಿಗೂ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.